ಹಿಂದಿನದು ಮನೆಯಲ್ಲಿ, ಮುಂದಿನದು ಗ್ಯಾರೇಜಿನಲ್ಲಿ

ಧಾರವಾಡದ ಲಕಮನಹಳ್ಳಿ ನಿಲ್ದಾಣದಲ್ಲಿ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಯಲ್ಲಿ ಇಳಿದರೆ ಹೊಟ್ಟೆಯೊಳಗಿನ ನೀರು ಅಲುಗಾಡುವುದಿಲ್ಲ. 2018ರಲ್ಲಿ ಓಡಾಟ ಶುರುಮಾಡಿದ ಆ ಬಸ್ಸಿಗೆ ತನ್ನದೇ ದಾರಿ ಇದೆ, ಮೈ ಹೊರುವುದಕ್ಕೆ ಗಾಳಿ ತುಂಬಿದ ಚೀಲಗಳಿವೆ. ಅದೇ ನಿಲ್ದಾಣದಿಂದ ಸ್ವಲ್ಪ ಒಳಗೆ, ಕೈಗಾರಿಕಾ ಪ್ರದೇಶದ ಲಾರಿಗಳು ತುಳಿದು ತುಳಿದು ತಗ್ಗು ಬಿದ್ದ ರಸ್ತೆಗೆ ನಮ್ಮ ಹಳೇ ಕಾರನ್ನು ಇಳಿಸಿದರೆ, ಹಿಂದಿನ ಸೀಟಿನಲ್ಲಿ ಕೂತ ಅವ್ವ ಮುಂದಿನ ಸೀಟನ್ನು ಎರಡೂ ಕೈಯಿಂದ ಹಿಡಿದುಕೊಳ್ಳುತ್ತಿದ್ದಳು. "ಸಾವಕಾಶ ಹೊಡಿಯೋ ತಮ್ಮಾ, ನಡಾ ಮುರದು ಹೋತು" ಎನ್ನುವಳು. ಸಾವಕಾಶ ಹೊಡೆದರೂ ಅಷ್ಟೇ. ತಗ್ಗು ದಾಟಿ ಇಪ್ಪತ್ತು ಮಾರು ಮುಂದೆ ಬಂದರೂ ಗಾಡಿಯ ಹಿಂಭಾಗ ತೊಟ್ಟಿಲಿನಂತೆ ತೂಗುತ್ತಲೇ ಇರುತ್ತಿತ್ತು.

ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಹೋಗಿವೆ ಎಂದು ಗ್ಯಾರೇಜಿನ ಹಿರಿಯ ಮಿಸ್ತ್ರಿ ಒಂದು ಸುತ್ತು ನೋಡಿಯೇ ಹೇಳಿದರು. ನಾನೇ ಬಿಚ್ಚಿ ಹಾಕಿಕೊಳ್ಳಬಹುದೇ ಎಂದು ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಹಿಂದಿನೂ ನೀವ ಮಾಡ್ಕೊರಿ ಸರ, ಬ್ಯಾಡ ಅನ್ನಂಗಿಲ್ಲ. ಮುಂದಿನವಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ" ಎಂದರು. ಅಂದಿನಿಂದ ಇಂದಿನವರೆಗೆ ಈ ಕೆಲಸದ ಬಗ್ಗೆ ನಾನು ಓದಿದ್ದು, ಮಾಡಿದ್ದು, ತಪ್ಪಿ ಕಲಿತದ್ದು ಎಲ್ಲವೂ ಆ ಎರಡು ಮಾತಿನೊಳಗೇ ಇದೆ. ಯಾಕೆ ಹಿಂದಿನದು ಆದೀತು, ಯಾಕೆ ಮುಂದಿನದು ಕೂಡದು ಎನ್ನುವುದನ್ನು ಬಿಡಿಸಿ ಹೇಳುವುದಕ್ಕಾಗಿಯೇ ಈ ಬರಹ.

ನಮ್ಮ ಕಡೆ ಇದನ್ನು ಶಾಕಪ್ ಎನ್ನುತ್ತಾರೆ. ನಾನೂ ಹಾಗೆಯೇ ಬರೆಯುತ್ತೇನೆ. ಶಾಕ್ ಅಬ್ಸಾರ್ಬರ್ ಎಂಬ ಪೂರ್ತಿ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ತಗ್ಗಿನ ಪೆಟ್ಟನ್ನು ಮೊದಲು ನುಂಗುವುದು ಟಯರು, ಆಮೇಲೆ ಸ್ಪ್ರಿಂಗು. ನುಂಗಿದ ಸ್ಪ್ರಿಂಗು ಅದನ್ನು ಇಟ್ಟುಕೊಳ್ಳುವುದಿಲ್ಲ, ತಿರುಗಿ ಚಿಮ್ಮುತ್ತದೆ, ಮತ್ತೆ ಕುಗ್ಗುತ್ತದೆ, ಮತ್ತೆ ಚಿಮ್ಮುತ್ತದೆ. ಆ ಚಿಮ್ಮಾಟವನ್ನು ಒಂದೆರಡು ಸಲಕ್ಕೆ ತಡೆದು ನಿಲ್ಲಿಸುವುದೇ ಶಾಕಪ್ಪಿನ ಕೆಲಸ. ಧಾರವಾಡದ ಹಳೇ ಟಾಂಗಾಗಳಿಗೆ ಪಾಟಾ ಇರುತ್ತಿತ್ತು, ಶಾಕಪ್ ಇರುತ್ತಿರಲಿಲ್ಲ. ಒಂದರ ಮೇಲೊಂದು ಕೂತ ಪಾಟಾದ ಪಟ್ಟಿಗಳು ತಮ್ಮಲ್ಲೇ ತಿಕ್ಕಾಡಿ ತೂಗಾಟವನ್ನು ಅಷ್ಟಿಷ್ಟು ನಿಲ್ಲಿಸುತ್ತಿದ್ದವು. ಇಂದಿನ ಕಾರುಗಳ ಸುರುಳಿ ಸ್ಪ್ರಿಂಗಿನಲ್ಲಿ ಆ ತಿಕ್ಕಾಟವೇ ಇಲ್ಲ. ಅದರ ಪಕ್ಕದಲ್ಲಿ ಎಣ್ಣೆ ತುಂಬಿದ ಒಂದು ಉಕ್ಕಿನ ಕೊಳವೆ ಬೇಕು. ಕೊಳವೆಯೊಳಗೆ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ರಂಧ್ರಗಳು, ಅವುಗಳಿಗೆ ತೆಳು ತಗಡಿನ ಮುಚ್ಚಳ. ಚಕ್ರ ಏರಿಳಿದಂತೆಲ್ಲ ಎಣ್ಣೆ ಆ ರಂಧ್ರಗಳಲ್ಲಿ ಹಿಂಡಿಕೊಂಡು ಹಾಯಬೇಕು. ಹಾಗೆ ಹಾಯುವಾಗ ಅದು ಬಿಸಿಯಾಗುತ್ತದೆ. ಗಾಡಿಯ ಕುಣಿತವೆಲ್ಲ ಕೊನೆಗೆ ಕೊಳವೆಯ ಮೈಬಿಸಿಯಾಗಿ ಗಾಳಿಯಲ್ಲಿ ಹೋಗುತ್ತದೆ. ಗ್ಯಾಸ್ ಶಾಕಪ್ ಎಂದು ಮಾರುವುದರಲ್ಲೂ ಕೆಲಸ ಮಾಡುವುದು ಎಣ್ಣೆಯೇ. ಎಣ್ಣೆ ನೊರೆ ಏಳದಿರಲಿ ಎಂದು ಒತ್ತಡದಲ್ಲಿ ನೈಟ್ರೋಜನ್ ತುಂಬಿರುತ್ತಾರೆ, ಅಷ್ಟೇ. ಈ ಒತ್ತಡದ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಸೀಮೆಯಲ್ಲಿ ಶಾಕಪ್‌ಗಳಿಗೆ ದುಡಿಮೆ ಹೆಚ್ಚು. ಅದಕ್ಕೆ ಬರೀ ತಗ್ಗುಗಳು ಕಾರಣವಲ್ಲ. ಧಾರವಾಡದಿಂದ ಪೂರ್ವಕ್ಕೆ, ನವಲಗುಂದದ ಕಡೆ ಹೋದಂತೆ ಎರೆ ಭೂಮಿ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಮೇಲಿನ ಡಾಂಬರು ಅದರ ಜತೆಗೇ ಏರಿಳಿದು ಅಲೆಅಲೆಯಾಗುತ್ತದೆ. ತಗ್ಗು ಕಣ್ಣಿಗೆ ಬೀಳುತ್ತದೆ, ಬ್ರೇಕ್ ಹಾಕುತ್ತೇವೆ. ಈ ಅಲೆ ಕಣ್ಣಿಗೆ ಬೀಳುವುದೇ ಇಲ್ಲ. ಅರವತ್ತರ ವೇಗದಲ್ಲಿ ಒಂದರ ಹಿಂದೊಂದು ಅಲೆ ಬಂದಾಗ ಸ್ಪ್ರಿಂಗನ್ನು ಹದ್ದಿನಲ್ಲಿಡಲು ಶಾಕಪ್ ಒಂದೇ ಗತಿ. ಅದು ಸೋತಿದ್ದರೆ ಚಕ್ರ ರಸ್ತೆಯ ಮೇಲೆ ಸರಿಯಾಗಿ ಒತ್ತಿ ಕೂರುವುದಿಲ್ಲ, ಬ್ರೇಕ್ ಹಾಕಿದಾಗ ಗಾಡಿ ನಿಲ್ಲುವುದು ತಡವಾಗುತ್ತದೆ, ತಿರುವಿನಲ್ಲಿ ಹಿಂಭಾಗ ಸರಿಯುತ್ತದೆ. ಅವ್ವನ ನಡು ನೋವಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಇದು.

ಬಿಚ್ಚುವ ಮೊದಲು ನಿಜವಾಗಿ ಶಾಕಪ್ಪೇ ಹೋಗಿದೆಯೋ ನೋಡಬೇಕು. ಕಟಕಟ ಸದ್ದು ಬಂದ ಕೂಡಲೇ ಶಾಕಪ್ ಎನ್ನುವವರು ಬಹಳ. ಆ ಸದ್ದು ಎಷ್ಟೋ ಸಲ ಅದರ ಎರಡು ತುದಿಯ ರಬ್ಬರ್ ಬುಷ್‌ನದು, ಇಲ್ಲವೇ ಸಡಿಲಾದ ನಟ್ಟಿನದು. ಗಾಡಿಯ ಹಿಂದಿನ ಮೂಲೆಯನ್ನು ಮೈಭಾರ ಹಾಕಿ ಒತ್ತಿ ಬಿಡಿ. ಮೇಲೆದ್ದು ಒಂದೇ ಸಲಕ್ಕೆ ಅಲ್ಲಿಯೇ ನಿಂತರೆ ಒಳ್ಳೆಯ ಲಕ್ಷಣ, ಮತ್ತೂ ಎರಡು ಮೂರು ಸಲ ತೂಗಿದರೆ ಕೆಟ್ಟದ್ದು. ಆದರೆ ಈ ಪರೀಕ್ಷೆಯಲ್ಲಿ ಪೂರ್ತಿ ಸತ್ತ ಶಾಕಪ್ ಮಾತ್ರ ಸಿಕ್ಕಿಬೀಳುತ್ತದೆ, ಅರೆಜೀವದ್ದು ಪಾಸಾಗಿಬಿಡುತ್ತದೆ. ಆದ್ದರಿಂದ ಕೊಳವೆಯ ಮೈ ನೋಡಿ. ಮೇಲುಭಾಗದಿಂದ ಎಣ್ಣೆ ಇಳಿದು ಅದರ ಮೇಲೆ ಧೂಳು ಮೆತ್ತಿಕೊಂಡು ಕರೀ ಪದರ ಕಟ್ಟಿದ್ದರೆ ಒಳಗಿನ ಸೀಲ್ ಹರಿದಿದೆ. ಟಯರಿನ ಮೇಲೆ ಅಂಗೈ ಸವರಿ. ಒಂದು ಕಡೆ ಸವೆದು ಒಂದು ಕಡೆ ಉಳಿದು ಉಬ್ಬುತಗ್ಗು ಹತ್ತಿದರೆ ಚಕ್ರ ಕುಣಿಯುತ್ತ ಓಡಿದೆ ಎಂದರ್ಥ. ನನಗೆ ಬಹಳ ಇಷ್ಟವಾದ ಪರೀಕ್ಷೆ ಇನ್ನೊಂದಿದೆ. ಕೆಟ್ಟ ರಸ್ತೆಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಂದು, ಎರಡೂ ಬದಿಯ ಶಾಕಪ್‌ಗಳನ್ನು ಬೆರಳ ತುದಿಯಿಂದ ಮುಟ್ಟಿ ನೋಡಿ. ದುಡಿದದ್ದು ಬೆಚ್ಚಗಿರುತ್ತದೆ, ದುಡಿಯದ್ದು ತಣ್ಣಗಿರುತ್ತದೆ. ಸೈಲೆನ್ಸರ್ ಪೈಪು ಅಲ್ಲೇ ಹತ್ತಿರ ಇರುತ್ತದೆ, ಬ್ರೇಕ್ ಡ್ರಮ್ಮೂ ಸುಡುತ್ತಿರುತ್ತದೆ. ಕೈ ಅವುಗಳ ಕಡೆ ಹೋಗದಿರಲಿ.

ಇಷ್ಟಾದ ಮೇಲೆ ಗಾಡಿಯ ಹಿಂದೆ ಬಗ್ಗಿ ಒಂದು ಸಂಗತಿಯನ್ನು ಸಮಾಧಾನವಾಗಿ ನೋಡಬೇಕು. ಸ್ಪ್ರಿಂಗ್ ಎಲ್ಲಿದೆ? ಇಡೀ ಕೆಲಸ ಈ ಪ್ರಶ್ನೆಯ ಮೇಲೆ ನಿಂತಿದೆ. ಬಹಳಷ್ಟು ಸಣ್ಣ ಕಾರುಗಳ ಹಿಂಭಾಗದಲ್ಲಿ ಸುರುಳಿ ಸ್ಪ್ರಿಂಗು ಬೇರೆ, ಶಾಕಪ್ ಬೇರೆ. ಒಂದರ ಪಕ್ಕ ಒಂದು ನಿಂತಿರುತ್ತವೆ. ಮಾರುತಿ ಓಮ್ನಿಯಂಥ ವ್ಯಾನುಗಳಲ್ಲಿ ಪಾಟಾ ಇರುತ್ತದೆ, ಶಾಕಪ್ ಅದರಿಂದ ಬೇರೆಯಾಗಿ ಓರೆ ನಿಂತಿರುತ್ತದೆ. ಈ ಎರಡು ಬಗೆಯಲ್ಲೂ ಶಾಕಪ್ ಬಿಚ್ಚಿದರೆ ಸ್ಪ್ರಿಂಗಿನ ಬಲ ನಿಮ್ಮ ಕೈಗೆ ಬರುವುದಿಲ್ಲ. ಆದರೆ 1998ರ ಕೊನೆಯಲ್ಲಿ ಬಂದ ಟಾಟಾ ಇಂಡಿಕಾದಂಥ ಕಾರುಗಳಲ್ಲಿ ಹಿಂದೆಯೂ ಸ್ಪ್ರಿಂಗು ಶಾಕಪ್ಪಿನ ಮೈಗೆ ಸುತ್ತಿಕೊಂಡಿರುತ್ತದೆ. ನಿಮ್ಮ ಗಾಡಿ ಈ ಬಗೆಯದಾದರೆ ಇಲ್ಲಿಗೇ ಪಾನಾ ಕೆಳಗಿಡಿ. ವಾರಂಟಿ ಇನ್ನೂ ಮುಗಿಯದ ಗಾಡಿಗೂ ಇದೇ ಮಾತು.

ಇನ್ನು ಜಾಗ. ಇಲ್ಲಿ ನಾನು ಸ್ವಲ್ಪ ನಿಧಾನಿಸುತ್ತೇನೆ, ಯಾಕೆಂದರೆ ನಾನು ತಪ್ಪಿದ್ದು ಇಲ್ಲಿಯೇ. ನಮ್ಮ ಮನೆಯ ಮುಂದೆ ಗಾಡಿ ನಿಲ್ಲಿಸುವ ಜಾಗಕ್ಕೆ ಶಹಾಬಾದ ಪರಸಿ ಹಾಸಿದ್ದೇವೆ. ನೋಡಲು ಗಟ್ಟಿ, ಸಪಾಟು. ಇದಕ್ಕಿಂತ ಒಳ್ಳೆಯ ಜಾಗ ಬೇಕೇ ಎಂದು ಅದರ ಮೇಲೆಯೇ ಗಾಡಿಯ ಜತೆ ಬಂದ ಜಾಕ್ ಇಟ್ಟು ತಿರುವಿದೆ. ಪರಸಿಯ ಕೆಳಗೆ ಒಂದು ಕಡೆ ಮಣ್ಣು ಕುಸಿದು ಟೊಳ್ಳಾಗಿತ್ತು. ಗಾಡಿಯ ಭಾರವೆಲ್ಲ ಅಂಗೈಯಗಲದ ಜಾಕಿನ ಪಾದದ ಮೇಲೆ ಬಿದ್ದಾಗ ಕಲ್ಲು ಟಪ್ ಎಂದು ಬಿರಿಯಿತು, ಜಾಕ್ ವಾಲಿತು, ಗಾಡಿ ಜಾರಿ ಕೆಳಗೆ ಬಂತು. ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗಿನ ಅಂಚಿನಡಿ ಮಲಗಿಸಿಟ್ಟಿದ್ದರಿಂದ ಅದರ ಮೇಲೆ ಕೂತು ನಿಂತಿತು. ನನ್ನ ಕೈ ಆಗ ಡ್ರಮ್ಮಿನ ಹತ್ತಿರ ಇತ್ತು. ಇನ್ನೊಂದು ಗೇಣು ಒಳಗಿದ್ದಿದ್ದರೆ ಏನಾಗುತ್ತಿತ್ತು ಎನ್ನುವುದನ್ನು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ.

ಆದ್ದರಿಂದ ನೆಲ ಕಾಂಕ್ರೀಟಿನದಾದರೆ ಬಹಳ ಒಳ್ಳೆಯದು. ಪರಸಿಯೇ ಇದ್ದರೆ ಸುತ್ತಿಗೆಯ ಹಿಡಿಯಿಂದ ಬಡಿದು ನೋಡಿ, ಡೊಳ್ಳು ಸದ್ದು ಬಂದ ಕಲ್ಲಿನ ಮೇಲೆ ಭಾರ ಇಡಬೇಡಿ. ಯಾವುದೇ ನೆಲವಾಗಲಿ, ಜಾಕಿನ ಕೆಳಗೂ ಸ್ಟ್ಯಾಂಡಿನ ಕೆಳಗೂ ಗಟ್ಟಿ ಮರದ ಅಗಲ ಹಲಗೆ ಇರಲಿ, ಭಾರ ಹಂಚಿಹೋಗುತ್ತದೆ. ಬರೀ ಮಣ್ಣು ನೆಲ ಕೂಡದು. ಎರೆ ಮಣ್ಣು ಮಾರ್ಚಿನಲ್ಲಿ ಕಲ್ಲಿನಂತೆ ಕಂಡರೂ ಬಿರುಕಿನ ಅಂಚಿಗೆ ಭಾರ ಬಿದ್ದರೆ ಉದುರುತ್ತದೆ. ಇಟ್ಟಿಗೆ, ಸಿಮೆಂಟ್ ಬ್ಲಾಕುಗಳ ಮೇಲೆ ಗಾಡಿ ನಿಲ್ಲಿಸುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ಅವು ಬಾಗಿ ಎಚ್ಚರಿಕೆ ಕೊಡುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತವೆ. ಜಾಕ್ ಇರುವುದು ಎತ್ತುವುದಕ್ಕೆ, ಹೊರುವುದಕ್ಕಲ್ಲ. ಹೊರುವುದಕ್ಕೆ ಮೂರು ಕಾಲಿನದೋ ನಾಲ್ಕು ಕಾಲಿನದೋ ಉಕ್ಕಿನ ಜಾಕ್ ಸ್ಟ್ಯಾಂಡ್ ಬೇಕು. ಅದನ್ನು ಕೊಳ್ಳಲು ಮನಸ್ಸಿಲ್ಲದಿದ್ದರೆ ಈ ಕೆಲಸ ಬೇಡ. ಶಾಕಪ್ ಹಾಕುವ ಕೂಲಿ ಉಳಿಸಲು ಹೋಗಿ ಕೈ ಕಳೆದುಕೊಳ್ಳುವುದರಲ್ಲಿ ಯಾವ ಲೆಕ್ಕವೂ ಕೂಡುವುದಿಲ್ಲ.

ಸಾಮಾನಿನಲ್ಲಿ ಸ್ಟ್ಯಾಂಡಿನ ಜತೆಗೆ ಇನ್ನೊಂದು ಜಾಕ್ ಬೇಕು, ಅದು ಹೈಡ್ರಾಲಿಕ್ ಆಗಿದ್ದರೆ ಅನುಕೂಲ. ರಿಂಗ್ ಪಾನಾಗಳು, ಗೋಟಿ ಪಾನಾದ ಸೆಟ್ಟು, ಕಬ್ಬಿಣದ ಬ್ರಷ್ಷು, ಜಂಗು ಬಿಡಿಸುವ ಸ್ಪ್ರೇ, ಕಣ್ಣಿಗೆ ಕನ್ನಡಕ. ಕೊನೆಯದನ್ನು ಮರೆಯಬೇಡಿ. ಕೆಳಗೆ ಮಲಗಿ ಮೇಲೆ ನೋಡುವಾಗ ವರ್ಷಗಳ ಕೆಸರು, ಜಂಗು ಎಲ್ಲ ಕಣ್ಣಿಗೇ ಉದುರುತ್ತದೆ. ಹೊಸ ಶಾಕಪ್ ಜೋಡಿ, ಅವುಗಳ ಹೊಸ ಬುಷ್ಷು, ಹೊಸ ನಟ್ಟುಗಳು ಮೊದಲೇ ಮನೆಯಲ್ಲಿರಲಿ. ಒಂದೇ ಬದಿಯದು ಹೋಗಿದ್ದರೂ ಎರಡನ್ನೂ ಬದಲಿಸಬೇಕು. ಒಂದು ಬದಿ ಬಿಗಿ, ಒಂದು ಬದಿ ಸಡಿಲಾದ ಗಾಡಿ ಜೋರಾಗಿ ಬ್ರೇಕ್ ಹಾಕಿದಾಗ ಎರಡು ಬದಿ ಎರಡು ತರಹ ನಡೆದುಕೊಳ್ಳುತ್ತದೆ.

ಕೆಲಸ ನಿಜವಾಗಿ ಶುರುವಾಗುವುದು ಹಿಂದಿನ ರಾತ್ರಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ನಾಲ್ಕಾರು ಮಳೆಗಾಲ ಕಳೆದ ನಟ್ಟು ಒಂದೇ ಏಟಿಗೆ ಬರುವುದಿಲ್ಲ. ಮೇಲಿನ, ಕೆಳಗಿನ ಎರಡೂ ನಟ್ಟುಗಳ ಹಲ್ಲನ್ನು ಬ್ರಷ್ಷಿನಿಂದ ಉಜ್ಜಿ, ಸ್ಪ್ರೇ ಹೊಡೆದು ಬಿಡಿ. ಬೆಳಿಗ್ಗೆ ಇನ್ನೊಮ್ಮೆ ಹೊಡೆಯಿರಿ. ಬರದ ನಟ್ಟಿಗೆ ಬೆಂಕಿ ಹಿಡಿಯುವ ಅಭ್ಯಾಸ ಕೆಲವರಿಗಿದೆ. ಹಿಂದಿನ ಶಾಕಪ್ಪಿನ ಹತ್ತಿರವೇ ಪೆಟ್ರೋಲ್ ಟ್ಯಾಂಕಿದೆ, ಸುತ್ತ ರಬ್ಬರಿದೆ, ಕೊಳವೆಯೊಳಗೆ ಒತ್ತಡದ ಗ್ಯಾಸಿದೆ. ಬೆಂಕಿಯ ಯೋಚನೆಯನ್ನೇ ಬಿಡಿ. ಜಪ್ಪಯ್ಯ ಅಂದರೂ ಬಾರದ ನಟ್ಟಿದ್ದರೆ ಗ್ಯಾರೇಜಿಗೆ ಗಾಡಿ ತೆಗೆದುಕೊಂಡು ಹೋಗಿ ಸಡಿಲ ಮಾಡಿಸಿಕೊಂಡು ಬನ್ನಿ, ಅದರಲ್ಲಿ ಕೀಳರಿಮೆ ಏನೂ ಇಲ್ಲ.

ಬೆಳಿಗ್ಗೆ ಮನೆಯಲ್ಲಿ ಒಬ್ಬರಾದರೂ ಇರುವ ಹೊತ್ತಿನಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರ ಇರಲು ಹೇಳಿ, ಕೈ ಹಚ್ಚಿ. ಗಾಡಿಯನ್ನು ಫಸ್ಟ್ ಗೇರಿನಲ್ಲಿ ಇಡಿ. ಹ್ಯಾಂಡ್‌ಬ್ರೇಕ್ ಹಾಕಿದ್ದೇನೆ, ಸಾಕು ಎನ್ನುವುದು ಇಲ್ಲಿ ದೊಡ್ಡ ಮೋಸ. ಸಾಮಾನ್ಯವಾಗಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು, ನಾವು ಎತ್ತುತ್ತಿರುವುದೂ ಅವನ್ನೇ. ಆದ್ದರಿಂದ ಮುಂದಿನ ಎರಡೂ ಚಕ್ರಗಳಿಗೆ ಹಿಂದೊಂದು ಮುಂದೊಂದು ಮರದ ತುಂಡು ಒತ್ತಿ ಇಡಬೇಕು. ಮಕ್ಕಳನ್ನು ಗಾಡಿಯೊಳಗೆ ಬಿಡಬೇಡಿ. ನಮ್ಮ ಮನೆಯಲ್ಲಿ ಗಾಡಿ ನಿಂತಿದೆ ಎಂದರೆ ಮಗಳು ಸ್ಟಿಯರಿಂಗಿನ ಮುಂದೆ ಕೂತೇಬಿಡುತ್ತಾಳೆ. ಆ ದಿನ ಬೀಗ ಹಾಕಿ ಚಾವಿ ಕಿಸೆಯಲ್ಲಿಟ್ಟುಕೊಳ್ಳುತ್ತೇನೆ.

ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಿರುವಾಗಲೇ ಮಾಡಬೇಕಾದ ಕೆಲಸ ಎರಡಿವೆ. ಮೊದಲನೆಯದು, ಚಕ್ರದ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸುವುದು. ಎರಡನೆಯದು ಯಾರೂ ಹೇಳಿಕೊಡದ್ದು. ಶಾಕಪ್ಪಿನ ಮೇಲಿನ ತುದಿ ಕೆಲವು ಗಾಡಿಗಳಲ್ಲಿ ಚಕ್ರದ ಗೂಡಿನೊಳಗೆ ಬೋಲ್ಟಿನಿಂದ ಕೂತಿರುತ್ತದೆ, ಕೆಲವದರಲ್ಲಿ ತಗಡನ್ನು ತೂರಿ ಡಿಕ್ಕಿಯೊಳಗೆ ಬಂದು ಒಂದು ರಬ್ಬರ್ ಟೋಪಿಯ ಕೆಳಗೆ ಅಡಗಿರುತ್ತದೆ. ಈ ಎರಡನೆಯ ಬಗೆಯಲ್ಲಿ ಡಿಕ್ಕಿಯೊಳಗೆ ಅರ್ಧ ಮೈ ಹಾಕಿ, ಬಲ ಹಾಕಿ ಪಾನಾ ಎಳೆಯಬೇಕಾಗುತ್ತದೆ. ಗಾಡಿ ಸ್ಟ್ಯಾಂಡಿನ ಮೇಲಿರುವಾಗ ಹಾಗೆ ಜಗ್ಗಿದರೆ ಗಾಡಿಯೇ ಅಲುಗಾಡುತ್ತದೆ. ಆದ್ದರಿಂದ ಮೇಲಿನ ನಟ್ಟನ್ನು ನೆಲದ ಮೇಲಿರುವಾಗಲೇ ಬಿಗಿ ಬಿಡಿಸಿ ಇಡಿ, ಪೂರ್ತಿ ತೆಗೆಯಬೇಡಿ. ನಟ್ಟು ತಿರುವಿದರೆ ಒಳಗಿನ ಪಿಸ್ಟನ್ ಕಡ್ಡಿಯೂ ಜತೆಗೆ ತಿರುಗುತ್ತದೆ. ಕಡ್ಡಿಯ ತುದಿಯಲ್ಲಿ ಹಿಡಿಯಲೆಂದೇ ಚಪ್ಪಟೆ ಮಾಡಿದ ಜಾಗವೋ, ಆರು ಮೂಲೆಯ ತೂತೋ ಇರುತ್ತದೆ. ಅದನ್ನು ಸಣ್ಣ ಪಾನಾದಿಂದ ಹಿಡಿದುಕೊಂಡು ನಟ್ಟು ತಿರುವಬೇಕು. ಪಕ್ಕಡದಿಂದ ಕಡ್ಡಿಯ ಹೊಳೆಯುವ ಭಾಗವನ್ನು ಹಿಡಿಯುವುದು ಹಳೆಯದಕ್ಕಾದರೆ ಚಿಂತೆಯಿಲ್ಲ, ಹೊಸದಕ್ಕೆ ಮಾಡಿದರೆ ಅದು ಅಲ್ಲಿಗೇ ಹಾಳು. ಆ ಹೊಳಪಿನ ಮೇಲೆ ಒಂದು ಗೀರು ಬಿದ್ದರೂ ಸೀಲನ್ನು ಕೊಯ್ಯುತ್ತದೆ, ಎಣ್ಣೆ ಸೋರುತ್ತದೆ.

ಈಗ ಗಾಡಿ ಎತ್ತಬೇಕು. ಒಂದು ಸಲಕ್ಕೆ ಒಂದೇ ಬದಿ. ಗಾಡಿಯ ಜತೆ ಬಂದ ಪುಸ್ತಕದಲ್ಲಿ ಜಾಕ್ ಎಲ್ಲಿ ಇಡಬೇಕೆಂದು ಚಿತ್ರ ಇರುತ್ತದೆ, ಅಲ್ಲಿಯೇ ಇಡಿ. ಎತ್ತಿ, ಗಟ್ಟಿಯಾದ ಆಧಾರದ ಜಾಗಕ್ಕೆ ಸ್ಟ್ಯಾಂಡ್ ಕೊಟ್ಟು, ಜಾಕನ್ನು ನಿಧಾನ ಇಳಿಸಿ ಭಾರವೆಲ್ಲ ಸ್ಟ್ಯಾಂಡಿನ ಮೇಲೆ ಕೂರಿಸಿ. ಗಾಡಿಯನ್ನು ಪಕ್ಕದಿಂದ ಕೈಯಲ್ಲಿ ನೂಕಿ ನೋಡಿ. ಕದಲಿದರೆ ಇಳಿಸಿ ಮತ್ತೆ ಶುರುಮಾಡಿ. ಆಮೇಲೆ ಚಕ್ರ ಬಿಚ್ಚಿ, ಬಾಗಿಲ ಕೆಳಗಿನ ಅಂಚಿನಡಿ ಮಲಗಿಸಿ. ಅಂದು ನನ್ನ ಕೈ ಉಳಿಸಿದ್ದು ಹೀಗೆ ಮಲಗಿಸಿದ ಚಕ್ರ.

ಎರಡನೇ ಜಾಕ್ ಈಗ ಬೇಕು. ಹಿಂದಿನ ಆಕ್ಸಲ್ ಗಾಡಿಗೆ ತೂಗುಬಿದ್ದಿರುತ್ತದೆ. ಅದು ತೀರ ಕೆಳಗೆ ಇಳಿಯದಂತೆ ಹಿಡಿದಿರುವುದು ಎಷ್ಟೋ ಗಾಡಿಗಳಲ್ಲಿ ಇದೇ ಶಾಕಪ್. ಇದನ್ನು ಬಿಚ್ಚಿದ ಗಳಿಗೆಯಲ್ಲಿ ಆಕ್ಸಲ್ ಧೊಪ್ಪನೆ ಇಳಿದರೆ ಸ್ಪ್ರಿಂಗು ಗೂಡಿನಿಂದ ಜಾರಿ ಹೊರಬರುತ್ತದೆ, ಬ್ರೇಕಿನ ರಬ್ಬರ್ ಪೈಪು ಜಗ್ಗಿ ಹರಿಯುತ್ತದೆ, ಎಬಿಎಸ್ ವೈರಿದ್ದರೆ ಅದೂ ಹೋಗುತ್ತದೆ. ಆದ್ದರಿಂದ ಶಾಕಪ್ಪಿನ ಕೆಳತುದಿಗೆ ಹತ್ತಿರ, ಆಕ್ಸಲ್ಲಿನ ಗಟ್ಟಿ ಭಾಗಕ್ಕೆ ಜಾಕ್ ಕೊಟ್ಟು ಸ್ವಲ್ಪವೇ ಎತ್ತಿ. ಆಕ್ಸಲ್ಲಿನ ಭಾರ ಜಾಕಿಗೆ ಬಂದರೆ ಸಾಕು, ಗಾಡಿ ಸ್ಟ್ಯಾಂಡಿನಿಂದ ಮೇಲೇಳಬಾರದು. ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು.

ಬಿಚ್ಚುವುದು ಇದಕ್ಕಿಂತ ಸಣ್ಣ ಕೆಲಸ. ಕೆಳಗಿನ ಬೋಲ್ಟು ತೆಗೆಯಿರಿ. ಬಿಗಿ ಎನಿಸಿದರೆ ಆಕ್ಸಲ್ ಜಾಕನ್ನು ಒಂದೆರಡು ಎಳೆ ಮೇಲೆ ಕೆಳಗೆ ಮಾಡಿ ನೋಡಿ. ಒಂದು ಹದಕ್ಕೆ ಬಂದಾಗ ಬೋಲ್ಟು ಕೈಯಲ್ಲೇ ಹಗುರಾಗಿ ಹೊರಬರುತ್ತದೆ. ಸುತ್ತಿಗೆಯ ಬಡಿತಕ್ಕಿಂತ ಆ ಹದ ಹುಡುಕುವುದು ಮೇಲು. ಆಮೇಲೆ ಮೇಲಿನ ನಟ್ಟು. ಅಲ್ಲಿ ವಾಷರ್, ರಬ್ಬರ್, ಮತ್ತೆ ವಾಷರ್ ಹೀಗೆ ಒಂದರ ಮೇಲೊಂದು ಕೂತಿರುತ್ತವೆ. ತೆಗೆಯುವ ಮೊದಲೇ ಮೊಬೈಲಿನಲ್ಲಿ ಫೋಟೋ ಹಿಡಿದುಕೊಳ್ಳಿ, ತೆಗೆದದ್ದನ್ನು ಒಂದು ಹಳೇ ಪೇಪರಿನ ಮೇಲೆ ಅದೇ ಸಾಲಿನಲ್ಲಿ ಜೋಡಿಸಿ. ಶಾಕಪ್ಪನ್ನು ಒತ್ತಿ ಕುಗ್ಗಿಸಿ ಓರೆಮಾಡಿದರೆ ಹೊರಬರುತ್ತದೆ. ಸತ್ತದ್ದನ್ನು ಕೈಯಲ್ಲಿ ಹಿಡಿದು ಜಗ್ಗಿ ಒತ್ತಿ ನೋಡಿ. ನಮ್ಮದರ ಕಡ್ಡಿ ಸೈಕಲ್ ಪಂಪಿನಂತೆ ಒಳಹೊರಗೆ ಆಡುತ್ತಿತ್ತು, ನಡುವೆ ಎಲ್ಲಿಯೂ ತಡೆಯೇ ಇಲ್ಲ. ಅಷ್ಟು ದಿನ ಇದರ ಮೇಲೆ ಅವ್ವನನ್ನು ಕೂರಿಸಿಕೊಂಡು ಓಡಾಡಿದ್ದೆನಲ್ಲ ಎಂದು ಮನಸ್ಸಿಗೆ ಚುಚ್ಚಿತು.

ಹೊಸದನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ ಹಾಕಬೇಡಿ. ಅಂಗಡಿಯಲ್ಲಿ ಅಡ್ಡ ಮಲಗಿದ್ದಾಗ ಎಣ್ಣೆಯೂ ಗಾಳಿಯೂ ಜಾಗ ಬದಲಿಸಿಕೊಂಡಿರುತ್ತವೆ. ಗಾಡಿಯಲ್ಲಿ ನಿಲ್ಲುವ ಹಾಗೆಯೇ ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಎಳೆದು ಪೂರ್ತಿ ಒತ್ತಿದರೆ ಗಾಳಿ ಮೇಲೆ ಹೋಗಿ ಎಣ್ಣೆ ತನ್ನ ಜಾಗಕ್ಕೆ ಬರುತ್ತದೆ. ಆಮೇಲೆ ಮಲಗಿಸದೆ ಹಾಕಿಬಿಡಿ. ಗ್ಯಾಸ್ ಶಾಕಪ್ಪಿಗೆ ಒಂದು ಪಟ್ಟಿ ಕಟ್ಟಿ ಕುಗ್ಗಿಸಿ ಕೊಟ್ಟಿರುತ್ತಾರೆ. ಪಟ್ಟಿ ಕತ್ತರಿಸಿದಾಗ ಕಡ್ಡಿ ತಾನೇ ಹೊರಬರುತ್ತದೆ, ಮುಖ ಅದರ ಎದುರಿಗೆ ಇರದಿರಲಿ.

ಹಾಕುವುದು ಬಿಚ್ಚಿದ್ದರ ತಿರುವುಮುರುವು, ಒಂದು ವ್ಯತ್ಯಾಸ ಮಾತ್ರ ಇದೆ. ಕೆಳಗಿನ ಬೋಲ್ಟನ್ನು ಆಕ್ಸಲ್ ತೂಗುಬಿದ್ದಿರುವಾಗ ಪೂರ್ತಿ ಬಿಗಿ ಮಾಡಬಾರದು. ಅದರ ಸುತ್ತ ರಬ್ಬರ್ ಬುಷ್ ಇದೆ. ಆಕ್ಸಲ್ ಕೆಳಗಿರುವಾಗ ಬಿಗಿದರೆ ಗಾಡಿ ನೆಲಕ್ಕೆ ಇಳಿದಾಗ ಆ ರಬ್ಬರ್ ಹಗಲೂ ರಾತ್ರಿ ತಿರುಚಿಕೊಂಡೇ ಇರುತ್ತದೆ, ಆರು ತಿಂಗಳಲ್ಲಿ ಹರಿದು ಮತ್ತೆ ಕಟಕಟ ಶುರು. ಮೊದಲು ಕೈಬಿಗಿ ಮಾಡಿ, ಚಕ್ರ ಹಾಕಿ, ಗಾಡಿ ನೆಲಕ್ಕೆ ಇಳಿಸಿ, ಒಂದೆರಡು ಸಲ ಒತ್ತಿ ತೂಗಿ, ತನ್ನ ಎತ್ತರಕ್ಕೆ ಕೂತ ಮೇಲೆ ಕೊನೆಯ ಬಿಗಿ ಕೊಡಿ. ಎಷ್ಟು ಬಿಗಿ ಎನ್ನುವುದಕ್ಕೆ ಆಯಾ ಗಾಡಿಯ ಸರ್ವೀಸ್ ಪುಸ್ತಕದಲ್ಲಿ ನ್ಯೂಟನ್ ಮೀಟರ್ ಲೆಕ್ಕ ಇರುತ್ತದೆ, ಅಳೆಯಲು ಟಾರ್ಕ್ ಪಾನಾ ಬೇಕು. ಮೇಲಿನ ನಟ್ಟಿಗೆ ಇದು ಇನ್ನೂ ಮುಖ್ಯ. ಬಲ ಇದೆಯೆಂದು ಬಿಗಿದರೆ ರಬ್ಬರ್ ಹಪ್ಪಳವಾಗಿ ಹೋಗುತ್ತದೆ. ಒಳಗೆ ನೈಲಾನ್ ಬಳೆ ಇರುವ ನಟ್ಟನ್ನು ಒಮ್ಮೆ ತೆಗೆದ ಮೇಲೆ ಮತ್ತೆ ಹಾಕಬೇಡಿ. ಹೊಸದು ತನ್ನಿರಿ ಎಂದು ಆಗಲೇ ಹೇಳಿದ್ದು ಇದಕ್ಕೇ. ಮೊದಲ ಬದಿಗೆ ನನಗೆ ಮೂರು ತಾಸು ಹಿಡಿಯಿತು, ಎರಡನೆಯದಕ್ಕೆ ಒಂದೇ ತಾಸು.

ಮುಂದಿನವನ್ನು ಯಾಕೆ ಮುಟ್ಟಬಾರದು? ಇಂದಿನ ಬಹುತೇಕ ಕಾರುಗಳ ಮುಂಭಾಗದಲ್ಲಿ ಇರುವುದು ಬರೀ ಶಾಕಪ್ ಅಲ್ಲ, ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ವ್ಯವಸ್ಥೆ ಇದು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಮುಂಭಾಗಕ್ಕೂ ಇದೇ ಇತ್ತು. ಇದರಲ್ಲಿ ಸ್ಪ್ರಿಂಗು ಶಾಕಪ್ಪಿನ ಮೈಗೇ ಸುತ್ತಿಕೊಂಡು, ಮೇಲೊಂದು ತಟ್ಟೆ, ಕೆಳಗೊಂದು ತಟ್ಟೆಯ ನಡುವೆ ಒತ್ತಿ ಕೂತಿರುತ್ತದೆ. ಮೇಲಿನ ತಟ್ಟೆಯನ್ನು ಹಿಡಿದಿರುವುದು ನಡುವಿನ ಒಂದೇ ಒಂದು ನಟ್ಟು. ಬಾನೆಟ್ ಎತ್ತಿದರೆ ಕೆಲವು ಗಾಡಿಗಳಲ್ಲಿ ಅದು ಕಣ್ಣೆದುರೇ ಕಾಣುತ್ತದೆ, ಬಿಚ್ಚು ಎಂದು ಕರೆಯುವ ಹಾಗೆ.

ಒಂದು ಲೆಕ್ಕ ಹಾಕಿ ನೋಡಿ. 800 ಕಿಲೋ ತೂಕದ ಸಣ್ಣ ಕಾರು. ಎಂಜಿನ್ ಮುಂದಿರುವುದರಿಂದ ಹತ್ತರಲ್ಲಿ ಆರು ಪಾಲು ಭಾರ ಮುಂದೆ, ಅಂದರೆ 480 ಕಿಲೋ. ಎರಡು ಚಕ್ರಕ್ಕೆ ಹಂಚಿದರೆ ಒಂದೊಂದು ಸ್ಪ್ರಿಂಗಿನ ಮೇಲೆ ಹತ್ತಿರ ಹತ್ತಿರ 240 ಕಿಲೋ, ಎರಡು ಜೋಳದ ಚೀಲಕ್ಕಿಂತ ಹೆಚ್ಚು. ಗಾಡಿ ಎತ್ತಿ ಸ್ಟ್ರಟ್ಟನ್ನು ಹೊರಗೆ ತೆಗೆದ ಮೇಲೂ ಸ್ಪ್ರಿಂಗು ಪೂರ್ತಿ ಬಿಚ್ಚಿಕೊಂಡಿರುವುದಿಲ್ಲ, ಎರಡು ತಟ್ಟೆಗಳ ನಡುವೆ ಬಿಗಿದೇ ಇರುತ್ತದೆ. ಆ ನಡುವಿನ ನಟ್ಟು ತೆಗೆದರೆ ತಟ್ಟೆ, ನಟ್ಟು, ಪಾನಾ ಎಲ್ಲ ಕೂಡಿ ಹಾರುತ್ತವೆ. "ಸ್ಪ್ರಿಂಗ್ ಹಾರಿದ್ರ ಮುಂದ ಯಾರದಾರ ಅಂತ ನೋಡಂಗಿಲ್ರಿ" ಎಂದ ಮಿಸ್ತ್ರಿಯ ಮಾತಿಗೆ ನಾನು ಸೇರಿಸುವಂಥದ್ದು ಏನೂ ಇಲ್ಲ. ಸ್ಪ್ರಿಂಗನ್ನು ಕುಗ್ಗಿಸಿ ಹಿಡಿಯುವ ಕಂಪ್ರೆಸರ್ ಎಂಬ ಸಾಧನ ಸಿಗುತ್ತದೆ. ಉದ್ದ ತಿರುಪಿಗೆ ಕೊಕ್ಕೆ ಹಾಕಿದಂಥ ಅಗ್ಗದ ಜೋಡಿಗಳು ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಇವೆ. ಅವು ಸುರುಳಿಯ ಮೇಲೆ ಜಾರುತ್ತವೆ, ಒಂದು ಬದಿ ಜಾರಿದರೆ ಇನ್ನೊಂದು ಬದಿಯೂ ಹೋಗುತ್ತದೆ. ನೆಲಕ್ಕೆ ಬಿಗಿದು ನಿಲ್ಲಿಸಿದ ಗಟ್ಟಿ ಯಂತ್ರ, ಅದನ್ನು ದಿನವೂ ಬಳಸಿ ಪಳಗಿದ ಕೈ ಎರಡೂ ಗ್ಯಾರೇಜಿನಲ್ಲಿವೆ. ಇದಲ್ಲದೆ ಸ್ಟ್ರಟ್ ಚಕ್ರವನ್ನು ನೆಟ್ಟಗೆ ಹಿಡಿದು ನಿಲ್ಲಿಸುವ ಕಂಬವೂ ಹೌದು. ಅದನ್ನು ಬಿಚ್ಚಿ ಹಾಕಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲದಿದ್ದರೆ ಹೊಸ ಟಯರು ಒಂದೇ ಅಂಚಿನಲ್ಲಿ ಸವೆಯುತ್ತ ಹೋಗುತ್ತದೆ. ಹೇಗೂ ಅಲ್ಲಿಗೆ ಹೋಗಬೇಕಾದ ಗಾಡಿ, ಮೊದಲೇ ಹೋಗಲಿ.

ಬಿಚ್ಚಿದ ಹಳೇ ಶಾಕಪ್‌ಗಳನ್ನು ಕಸದ ಗಾಡಿಗೆ ಹಾಕಬೇಡಿ, ಗಟಾರದ ಪಕ್ಕ ಬಿಸಾಡಬೇಡಿ. ಒಳಗೆ ಎಣ್ಣೆ ಇದೆ. ಅದು ಮಣ್ಣಿಗಿಳಿದರೆ ಮಳೆ ನೀರಿನ ಜತೆ ಎಲ್ಲಿ ಮುಟ್ಟುತ್ತದೋ ಹೇಳಲಾಗದು. ಒಳಗೇನಿದೆ ನೋಡೋಣ ಎಂದು ಗ್ರೈಂಡರಿನಿಂದ ಕೊಯ್ಯುವುದಂತೂ ಬೇಡವೇ ಬೇಡ, ಒತ್ತಡದ ಗ್ಯಾಸು ಎಣ್ಣೆಯನ್ನು ಕಿಡಿಯ ಮೇಲೆಯೇ ಚಿಮ್ಮಿಸುತ್ತದೆ. ಬಚ್ಚಲ ಒಲೆಗೆ, ಹೊಲದ ಬೆಂಕಿಗೆ ಹಾಕುವುದೂ ಅಷ್ಟೇ ಅಪಾಯ. ನಾನು ಎರಡನ್ನೂ ಅದೇ ಗ್ಯಾರೇಜಿಗೆ ಒಯ್ದು ಕೊಟ್ಟೆ, ಅವರು ಹಳೇ ಎಣ್ಣೆ, ಹಳೇ ಸಾಮಾನು ಒಯ್ಯುವವರಿಗೆ ಕೂಡಿಸಿ ಕೊಡುತ್ತಾರೆ. ಮಿಸ್ತ್ರಿ ನನ್ನ ಗಾಡಿಯ ಕೆಳಗೆ ಬಗ್ಗಿ ಎರಡೂ ಬೋಲ್ಟಿಗೆ ಪಾನಾ ಹಚ್ಚಿ ನೋಡಿದರು. ದುಡ್ಡು ಕೊಡಲು ಹೋದರೆ ಬೇಡ ಎಂದರು. "ಐವತ್ತು ಕಿಲೋಮೀಟರ್ ಹೊಡದ ಮ್ಯಾಲೆ ಚಕ್ರದ ನಟ್ ಇನ್ನೊಮ್ಮೆ ನೋಡ್ಕೊರಿ ಸರ, ಮರೀಬ್ಯಾಡ್ರಿ" ಎಂದು ಹೇಳಿ ಕಳಿಸಿದರು.

ಮುಂದಿನ ಭಾನುವಾರ ಅವ್ವನನ್ನು ಕೂರಿಸಿಕೊಂಡು ಅದೇ ಒಳರಸ್ತೆಯಲ್ಲಿ ಹೊರಟೆ. ಮೊದಲ ತಗ್ಗಿಗೆ ಅವಳ ಕೈ ಅಭ್ಯಾಸದಿಂದ ಮುಂದಿನ ಸೀಟಿಗೆ ಹೋಯಿತು. ಗಾಡಿ ಇಳಿದು ಎದ್ದು ಅಲ್ಲಿಗೇ ನಿಂತಿತು. ಎರಡನೇ ತಗ್ಗಿಗೂ ಹಾಗೇ. ನುಗ್ಗಿಕೇರಿ ಹನುಮಪ್ಪನ ಗುಡಿಗೆ ಹೋಗಿ ಬರುವಷ್ಟರಲ್ಲಿ ಅವಳು ಸೆರಗು ಹೊದ್ದುಕೊಂಡು ಒರಗಿ ಕೂತಿದ್ದಳು. ಮನೆಗೆ ಬಂದ ಮೇಲೆ ವೀಲ್ ಪಾನಾ ತೆಗೆದುಕೊಂಡು ಹಿಂದಿನ ಎರಡೂ ಚಕ್ರದ ನಟ್ಟುಗಳನ್ನು ಒಂದೊಂದಾಗಿ ನೋಡಿದೆ. ಎಡಗಡೆಯ ಒಂದು ನಟ್ಟು ಇನ್ನೂ ಕಾಲು ಸುತ್ತು ತಗೊಂಡಿತು.